ಚುರುಕು ಮಕ್ಕಳಿಗೆ ಥೀಮ್ ಕೋರ್ಸ್: ನೀಲಿ ಚಾರ್ಟ್‌ನಿಂದ ಆಚೆಗೆ

ಥೀಮ್ ಆಧಾರಿತ ಕೋರ್ಸ್ ಅಂದಾಗ ಬಹಳಷ್ಟು ಶಾಲೆಗಳಲ್ಲಿ ನಡೆಯುವುದು ಹೀಗೆ. 'ನೀರು' ಅಂತ ಒಂದು ಥೀಮ್ ಆರಿಸುತ್ತಾರೆ. ಗಣಿತದ ಪಿರಿಯಡ್‌ನಲ್ಲಿ ತೊಟ್ಟಿಯ ಗಾತ್ರದ ಲೆಕ್ಕ. ವಿಜ್ಞಾನದಲ್ಲಿ ಆವಿ, ಮೋಡ, ಮಳೆ. ಭಾಷೆಯಲ್ಲಿ ಮಳೆಯ ಮೇಲೊಂದು ಪದ್ಯ. ಸಮಾಜ ವಿಜ್ಞಾನದಲ್ಲಿ ನದಿಗಳ ಪಟ್ಟಿ. ಕೊನೆಗೆ ಗೋಡೆಗೊಂದು ನೀಲಿ ಚಾರ್ಟ್, ಅದರ ಪಕ್ಕ ನಿಂತ ಮಕ್ಕಳ ಫೋಟೋ.

ಅದೇ ತರಗತಿಯಲ್ಲಿ ಒಬ್ಬ ಹುಡುಗಿ ತೊಟ್ಟಿಯ ಲೆಕ್ಕವನ್ನು ಎರಡು ನಿಮಿಷದಲ್ಲಿ ಮುಗಿಸಿ, ಉಳಿದಷ್ಟು ಹೊತ್ತು ಕಿಟಕಿ ನೋಡುತ್ತಾ ಕೂತಿರುತ್ತಾಳೆ. ಅವಳಿಗೆ ಸಿಕ್ಕಿದ್ದಾದರೂ ಏನು? ಅದೇ ಹಳೆಯ ಗಣಿತ, ಅದೇ ಹಳೆಯ ವಿಜ್ಞಾನ, ಮೇಲೊಂದು ಕೋಟಿಂಗ್ ನೀಲಿ ಬಣ್ಣ.

ಅಮೆರಿಕದ ಪಠ್ಯಕ್ರಮ ತಜ್ಞೆ ಹೈಡಿ ಹೇಯ್ಸ್ ಜೇಕಬ್ಸ್ 1989ರಲ್ಲೇ ಈ ಕಾಯಿಲೆಯನ್ನು ಗುರುತಿಸಿದ್ದರು. ಪ್ರತಿ ವಿಷಯದಿಂದ ಒಂದೊಂದು ಚಮಚ ತೆಗೆದು ಕಲಸಿದರೆ ಅದು ಬರೀ ಕಲಬೆರಕೆ, ಅದಕ್ಕೊಂದು ಆಕಾರವೇ ಇರುವುದಿಲ್ಲ ಅನ್ನುವುದು ಅವರ ತಕರಾರು. ಅದಾಗಿ ಮೂರೂವರೆ ದಶಕವಾಯಿತು. ನೀಲಿ ಚಾರ್ಟ್‌ಗಳು ಈಗಲೂ ತೂಗುತ್ತಲೇ ಇವೆ.

ಇಂಥ ಕೋರ್ಸ್ ಗಟ್ಟಿಯೋ ಪೊಳ್ಳೋ ಅಂತ ತಿಳಿಯಲು ನನಗೆ ಹಿಡಿಸಿದ ಪರೀಕ್ಷೆ ಒಂದಿದೆ. ಯಾವುದಾದರೂ ಒಂದು ವಿಷಯವನ್ನು ಕೋರ್ಸ್‌ನಿಂದ ತೆಗೆದು ನೋಡಿ. ಉಳಿದದ್ದಕ್ಕೆ ಏನೂ ಆಗದಿದ್ದರೆ ಅವು ಸುಮ್ನೆ ಪಕ್ಕಪಕ್ಕ ಇಟ್ಟ ಪಾಠಗಳು. 'ನೀರು' ಕೋರ್ಸ್‌ನಿಂದ ತೊಟ್ಟಿಯ ಲೆಕ್ಕ ತೆಗೆದರೆ ಪದ್ಯಕ್ಕೇನೂ ನಷ್ಟವಿಲ್ಲ. ನಿಜವಾದ ಕೋರ್ಸ್‌ನಲ್ಲಿ ಒಂದು ವಿಷಯ ಹೋದರೆ ಮುಖ್ಯ ಪ್ರಶ್ನೆಗೆ ಉತ್ತರ ಹುಡುಕುವುದೇ ನಿಂತುಹೋಗಬೇಕು.

ಈ ಮಕ್ಕಳು ಯಾರು?

ಆರರಿಂದ ಎಂಟನೇ ತರಗತಿ, ಅಂದರೆ ಸುಮಾರು 11ರಿಂದ 14 ವರ್ಷ. ವಾದ ಮಾಡಲು ಶುರು ಮಾಡುವ ವಯಸ್ಸು. 'ಯಾಕೆ' ಅಂತ ಕೇಳಿ, ಸಿಕ್ಕ ಉತ್ತರಕ್ಕೆ ಮತ್ತೆ 'ಅದ್ಯಾಕೆ' ಅನ್ನುವ ವಯಸ್ಸು. ಜೊತೆಗೆ, ಗೆಳೆಯರ ನಡುವೆ ಬೇರೆಯಾಗಿ ಕಾಣಬಾರದು ಎಂಬ ಭಯ ಜಾಸ್ತಿಯಾಗುವ ವಯಸ್ಸು. ಬುದ್ಧಿವಂತಿಕೆಯನ್ನು ಮುಚ್ಚಿಡಲು ಮಕ್ಕಳು ಕಲಿಯುವುದು ಹೆಚ್ಚಾಗಿ ಇಲ್ಲಿಯೇ.

ಇವರ ಬೆಳವಣಿಗೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹನ್ನೆರಡರ ಹುಡುಗ ಹದಿನಾರರವನಂತೆ ಯೋಚಿಸುತ್ತಾನೆ, ಆಟದಲ್ಲಿ ಸೋತರೆ ಎಂಟರವನಂತೆ ಅಳುತ್ತಾನೆ. 1991ರಲ್ಲಿ ಕೊಲಂಬಸ್ ಗ್ರೂಪ್ ಎಂಬ ಒಂದು ಗುಂಪು ಪ್ರತಿಭಾವಂತ ಮಕ್ಕಳ ವ್ಯಾಖ್ಯೆಯನ್ನೇ ಈ ಏರುಪೇರಿನ ಮೇಲೆ ಕಟ್ಟಿತು. ಓದುವುದರಲ್ಲಿ ಹಿಂದೆ, ತರ್ಕದಲ್ಲಿ ತುಂಬಾ ಮುಂದೆ ಇರುವ ಮಕ್ಕಳೂ ಇದ್ದಾರೆ. ಮಾರ್ಕ್ಸ್ ಪಟ್ಟಿ ನೋಡಿ ಆರಿಸಿದರೆ ಇಂಥವರು ಮೊದಲ ಸುತ್ತಲ್ಲೇ ಹೊರಗೆ.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಜೋಸೆಫ್ ರೆಂಜುಲ್ಲಿ 1978ರಲ್ಲಿ ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿಭೆ ಎಂದರೆ ತಲೆಯೊಳಗಿನ ಒಂದು ಅಂಕಿಯಲ್ಲ. ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಹೊಸದನ್ನು ಕಾಣುವ ಗುಣ, ಹಿಡಿದ ಕೆಲಸ ಬಿಡದ ಹಟ, ಈ ಮೂರೂ ಸೇರುವ ಜಾಗ ಅದು. ಕೋರ್ಸ್ ಕಟ್ಟುವವರಿಗೆ ಇದರಲ್ಲಿ ಒಂದು ಸೂಚನೆಯೂ ಇದೆ. ಮೂರನೆಯದು, ಆ ಹಟ, ಮಗುವಿಗೆ ಹಿಡಿಸುವ ಕೆಲಸ ಕೊಟ್ಟಾಗ ಮಾತ್ರ ಕಾಣುತ್ತದೆ. ಬೇಜಾರಿನ ಕೆಲಸ ಕೊಟ್ಟು 'ಇವನಿಗೆ ಶ್ರದ್ಧೆಯೇ ಇಲ್ಲ' ಅನ್ನುವುದು ಯಾರ ತಪ್ಪು?

ನಾವು ಸಾಮಾನ್ಯವಾಗಿ ಮಾಡುವುದೇ ಅದನ್ನು. ಬೇಗ ಮುಗಿಸಿದವರಿಗೆ ಇನ್ನೂ ಹತ್ತು ಲೆಕ್ಕ. ಅದೇ ಜಾತಿಯವು. ಇದು ಬೇಗ ಮುಗಿಸಿದ್ದಕ್ಕೆ ಕೊಟ್ಟ ಶಿಕ್ಷೆ, ಮಕ್ಕಳಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಒಂದು ವಾರದಲ್ಲಿ ಅವರು ನಿಧಾನವಾಗಿ ಬರೆಯುವುದನ್ನು ಕಲಿತುಬಿಡುತ್ತಾರೆ.

ಥೀಮ್ ಎಷ್ಟು ದೊಡ್ಡದಿರಬೇಕು?

'ನೀರು', 'ಚಿಟ್ಟೆ', 'ಬಾಹ್ಯಾಕಾಶ'. ಇವು ಥೀಮ್‌ಗಳಲ್ಲ, ವಸ್ತುಗಳು. ಅವುಗಳ ಬಗ್ಗೆ ಮಾಹಿತಿ ಸೇರಿಸಬಹುದು, ಆದರೆ ವಾದ ಮಾಡಲು ಏನೂ ಇಲ್ಲ. ಪ್ರತಿಭಾವಂತ ಮಕ್ಕಳ ಶಿಕ್ಷಣ ತಜ್ಞೆ ಜಾಯ್ಸ್ ವ್ಯಾನ್‌ಟ್ಯಾಸೆಲ್-ಬಾಸ್ಕಾ 1980ರ ದಶಕದಲ್ಲಿ ರೂಪಿಸಿದ ಮಾದರಿ ಇದಕ್ಕೆ ಬೇರೆ ದಾರಿ ತೋರಿಸಿತು. 'ಬದಲಾವಣೆ', 'ವ್ಯವಸ್ಥೆ'ಯಂಥ ಪರಿಕಲ್ಪನೆಗಳನ್ನು ಮಧ್ಯೆ ಇಟ್ಟು, ಜೊತೆಗೆ ಮೇಲಿನ ಹಂತದ ಪಾಠ ಮತ್ತು ನಿಜವಾದ ಸಮಸ್ಯೆಗಳನ್ನು ಹೆಣೆಯುವುದು. ಈ ಮಾದರಿಯಲ್ಲಿ ಬಂದ ಒಂದು ವಿಜ್ಞಾನ ಘಟಕದಲ್ಲಿ ಆಮ್ಲ ತುಂಬಿದ ಲಾರಿ ಮಗುಚಿ ಬಿದ್ದಿರುತ್ತದೆ. ಮುಂದೇನು ಅಂತ ಮಕ್ಕಳೇ ನಿರ್ಧರಿಸಬೇಕು. ರಸಾಯನಶಾಸ್ತ್ರ ಗೊತ್ತಿಲ್ಲದೆ ಅಲ್ಲಿ ಒಂದು ಹೆಜ್ಜೆಯೂ ಇಡಲಾಗದು. ಬರೀ ರಸಾಯನಶಾಸ್ತ್ರ ಗೊತ್ತಿದ್ದರೂ ಸಾಲದು, ರಸ್ತೆ ಮುಚ್ಚುವವರು ಯಾರು ಅಂತಲೂ ತಿಳಿದಿರಬೇಕು.

ಪರಿಕಲ್ಪನೆ ಒಳ್ಳೆಯದೇ. ಆದರೆ 'ಬದಲಾವಣೆ' ಅನ್ನುವ ಪದ ಎಷ್ಟು ದೊಡ್ಡದೆಂದರೆ ಅದರೊಳಗೆ ಏನನ್ನು ಬೇಕಾದರೂ ತುರುಕಬಹುದು. ಹುಳು ಚಿಟ್ಟೆಯಾದದ್ದೂ ಬದಲಾವಣೆ, ಸಾಮ್ರಾಜ್ಯ ಬಿದ್ದದ್ದೂ ಬದಲಾವಣೆ. ಎರಡನ್ನೂ ಪಕ್ಕದಲ್ಲಿಟ್ಟು 'ನೋಡಿ, ಎಲ್ಲವೂ ಬದಲಾಗುತ್ತದೆ' ಅಂದರೆ ಚುರುಕು ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ಪರಿಕಲ್ಪನೆಯ ಜೊತೆ ಒಂದು ಚೂಪಾದ ಪ್ರಶ್ನೆ ಬೇಕು. ಒಂದೇ ವಿಷಯದೊಳಗೆ ಕೂತು ಉತ್ತರಿಸಲಾಗದ ಪ್ರಶ್ನೆ.

ಉದಾಹರಣೆಗೆ 'ಅಳತೆ' ಎಂಬ ಕೋರ್ಸ್ ಕಟ್ಟೋಣ. ಹನ್ನೆರಡು ವಾರದ್ದು ಅಂದುಕೊಳ್ಳಿ. ಪ್ರಶ್ನೆ ಇದು: ಒಂದು ಅಳತೆಯನ್ನು ಯಾವಾಗ ನಂಬಬೇಕು, ಅಳೆಯುವಾಗ ಏನು ಕಳೆದುಹೋಗುತ್ತದೆ?

ಮೊದಲ ದಿನ ಏನನ್ನೂ ವಿವರಿಸುವುದು ಬೇಡ. ಒಂದೇ ಬೆಂಚನ್ನು ಇಪ್ಪತ್ತು ಮಕ್ಕಳೂ ಒಬ್ಬೊಬ್ಬರಾಗಿ ಅಳೆಯಲಿ, ಮಿಲಿಮೀಟರ್‌ವರೆಗೆ. ಬರೆದದ್ದನ್ನು ಪಕ್ಕದವರಿಗೆ ತೋರಿಸಬಾರದು. ಆಮೇಲೆ ಎಲ್ಲವನ್ನೂ ಬೋರ್ಡ್ ಮೇಲೆ ಹಾಕಿ. ಇಪ್ಪತ್ತೂ ಒಂದೇ ಆಗಿರುವುದಿಲ್ಲ. ಒಂದೆರಡು ತೀರಾ ದೂರ ನಿಂತಿರುತ್ತವೆ. 'ಯಾವುದು ಸರಿ?' ಅಂತ ಕೇಳಿ ಸುಮ್ಮನಿರಿ. ಸರಾಸರಿ ತೆಗೆಯೋಣ ಅನ್ನುತ್ತಾರೆ. ದೂರ ಇರುವ ಎರಡನ್ನು ಬಿಟ್ಟೋ, ಸೇರಿಸಿಯೋ? ಬಿಡುವುದಾದರೆ ಯಾವ ಹಕ್ಕಿನಿಂದ? ಇಲ್ಲಿಗೆ ಮೊದಲ ಪಿರಿಯಡ್ ಮುಗಿಯುತ್ತದೆ, ಜಗಳ ಮುಗಿದಿರುವುದಿಲ್ಲ.

ಈ ಜಗಳ ಇನ್ನೂರು ವರ್ಷ ಹಿಂದೆ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು ಅನ್ನುವುದು ಎರಡನೇ ವಾರದ ಪಾಠ. 1791ರಲ್ಲಿ ಫ್ರಾನ್ಸ್ ಹೊಸ ಮೀಟರ್ ಒಂದನ್ನು ನಿರ್ಧರಿಸಿತು. ಉತ್ತರ ಧ್ರುವದಿಂದ ಸಮಭಾಜಕ ರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಭಾಗ. ರಾಜನ ಪಾದವೂ ಅಲ್ಲ, ವ್ಯಾಪಾರಿಯ ಮೊಳವೂ ಅಲ್ಲ, ಭೂಮಿಯೇ ಅಳತೆಗೋಲು. 1792ರಲ್ಲಿ ದಲಾಂಬ್ರ್ ಮತ್ತು ಮೆಶಾಂ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಫ್ರಾನ್ಸ್‌ನ ಡಂಕರ್ಕ್‌ನಿಂದ ಸ್ಪೇನ್‌ನ ಬಾರ್ಸಿಲೋನಾವರೆಗಿನ ಉತ್ತರ-ದಕ್ಷಿಣ ರೇಖೆಯನ್ನು ಅಳೆಯಲು ಹೊರಟರು. ಒಬ್ಬರು ಉತ್ತರಕ್ಕೆ, ಇನ್ನೊಬ್ಬರು ದಕ್ಷಿಣಕ್ಕೆ. ಸುತ್ತಲೂ ಕ್ರಾಂತಿ, ಯುದ್ಧ. ಮುಗಿಯಲು ಆರು ವರ್ಷ ಹಿಡಿಯಿತು.

ಬಾರ್ಸಿಲೋನಾದಲ್ಲಿ ಮೆಶಾಂ ಎರಡು ಹತ್ತಿರದ ಜಾಗಗಳಿಂದ ಅಕ್ಷಾಂಶ ಲೆಕ್ಕ ಹಾಕಿದರು. ನಡುವಿನ ದೂರವನ್ನು ಲೆಕ್ಕಕ್ಕೆ ಹಿಡಿದರೂ ಎರಡೂ ತಾಳೆಯಾಗಲಿಲ್ಲ. ವ್ಯತ್ಯಾಸ ಸುಮಾರು 3 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್). ಅದು ನೆಲದ ಮೇಲೆ ಎಷ್ಟು ದೂರ ಅಂತ ಮಕ್ಕಳೇ ಲೆಕ್ಕ ಹಾಕಲಿ. ಸುಮಾರು 100 ಮೀಟರ್ ಬರುತ್ತದೆ. ಮೆಶಾಂ ಇದನ್ನು ಯಾರಿಗೂ ಹೇಳಲಿಲ್ಲ. ಗುಟ್ಟನ್ನು ಇಟ್ಟುಕೊಂಡೇ ಕೊರಗಿದರು. ಇನ್ನೂ ದಕ್ಷಿಣಕ್ಕೆ ಅಳೆದು ತಪ್ಪು ಸರಿಪಡಿಸುತ್ತೇನೆಂದು ಮತ್ತೆ ಹೊರಟವರು 1804ರಲ್ಲಿ ಜ್ವರದಿಂದ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ತೆರೆದಾಗಲೇ ದಲಾಂಬ್ರ್‌ಗೆ ವಿಷಯ ತಿಳಿದದ್ದು.

ಈ ಕತೆಯ ಮೇಲೆ ಒಂದಿಡೀ ವಾರ ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾರಣ ಇದೆ. ಚುರುಕು ಮಕ್ಕಳಲ್ಲಿ ಹಲವರು ಅಲ್ಲಿಯವರೆಗೆ ಶಾಲೆಯಲ್ಲಿ ಒಮ್ಮೆಯೂ ತಪ್ಪಿದವರಲ್ಲ. ತಪ್ಪಿದಾಗ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಉತ್ತರ ಪತ್ರಿಕೆ ಬಚ್ಚಿಡುವ ಹುಡುಗನಿಗೆ ಮೆಶಾಂ ಯಾರೆಂದು ವಿವರಿಸಬೇಕಾಗಿಲ್ಲ. 'ತಪ್ಪು ಮಾಡಿದರೆ ಪರವಾಗಿಲ್ಲ' ಎಂಬ ಪೋಸ್ಟರ್‌ಗಿಂತ ಈ ಮನುಷ್ಯನ ಕತೆ ಆಳಕ್ಕೆ ಹೋಗುತ್ತದೆ. ಮೆಶಾಂ ಆಗಿ ದಲಾಂಬ್ರ್‌ಗೆ ಒಂದು ಕಾಗದ ಬರೆಯಿರಿ ಅಂದರೆ ಭಾಷೆಯ ಪಿರಿಯಡ್‌ಗೂ ನಿಜವಾದ ಕೆಲಸ ಸಿಗುತ್ತದೆ.

ಮುಂದಿನದು ಗಣಿತದ ಸರದಿ. 1805ರಲ್ಲಿ ಫ್ರೆಂಚ್ ಗಣಿತಜ್ಞ ಲಜಾಂಡ್ರ್ ಕನಿಷ್ಠ ವರ್ಗಗಳ ವಿಧಾನವನ್ನು ಪ್ರಕಟಿಸಿದರು. ಒಂದಕ್ಕೊಂದು ಒಪ್ಪದ ಅಳತೆಗಳಿಂದ ಅತ್ಯುತ್ತಮ ಅಂದಾಜು ತೆಗೆಯುವ ದಾರಿ ಅದು. ಅದನ್ನು ವಿವರಿಸಲು ಅವರು ಬಳಸಿದ ಉದಾಹರಣೆಗಳಲ್ಲಿ ಇದೇ ರೇಖೆಯ ಅಳತೆಯೂ ಇತ್ತು! ಮೊದಲ ದಿನದ ಬೆಂಚಿನ ಜಗಳಕ್ಕೆ ಈಗ ಒಂದು ಹತಾರ ಸಿಕ್ಕಿತು. ಪೂರ್ತಿ ವಿಧಾನ ಬೇಡ. ಯಾವ ಅಂಕಿಯಿಂದ ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುತ್ತದೆ ಅಂತ ಇಪ್ಪತ್ತು ಅಳತೆಗಳ ಮೇಲೆ ಹುಡುಕಿ ನೋಡಿದರೆ ಸಾಕು. ಉತ್ತರ ಸರಾಸರಿಯೇ ಅಂತ ತಾವೇ ಕಂಡುಕೊಂಡಾಗ ಆಗುವ ಗದ್ದಲ ಕೇಳುವಂಥದ್ದು.

ಆದರೂ ಮೀಟರ್ ತಪ್ಪೇ ಆಯಿತು. ಸುಮಾರು 0.2 ಮಿಲಿಮೀಟರ್ ಚಿಕ್ಕದು. ಅದಕ್ಕೆ ಮುಖ್ಯ ಕಾರಣ ಮೆಶಾಂ ಅಲ್ಲ. ಭೂಮಿ ಧ್ರುವಗಳಲ್ಲಿ ಎಷ್ಟು ಚಪ್ಪಟೆ ಎಂಬ ಲೆಕ್ಕವೇ ಸರಿಯಿರಲಿಲ್ಲ. ಈಗ ನಮ್ಮ ಪರೀಕ್ಷೆ ಹಾಕಿ ನೋಡಿ. ಗಣಿತ ತೆಗೆದರೆ ಮೆಶಾಂ ಅವರ ತಪ್ಪು ಎಷ್ಟು ದೊಡ್ಡದು ಅಂತ ಹೇಳಲಾಗದು. ಭೂವಿಜ್ಞಾನ ತೆಗೆದರೆ ತಪ್ಪು ಯಾರದ್ದು ಅಂತಲೇ ತಿಳಿಯದು. ಇತಿಹಾಸ ತೆಗೆದರೆ ಮುಚ್ಚಿಟ್ಟದ್ದು ಯಾಕೆ ಅಂತ ಅರ್ಥವಾಗದು. ಯಾವುದನ್ನು ಕಿತ್ತರೂ ಗೋಡೆ ಬೀಳುತ್ತದೆ.

ಇನ್ನುಳಿದ ವಾರಗಳಿಗೆ ಸಾಮಗ್ರಿ ಬೇಕಾದಷ್ಟಿದೆ. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿ ಒಂದು ದೇಶದ ಪ್ರಕಾರ 987 ಕಿಲೋಮೀಟರ್, ಇನ್ನೊಂದರ ಪ್ರಕಾರ 1,214. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅಳೆಯುವ ಕೋಲಿನ ಉದ್ದ ಬೇರೆ ಅಷ್ಟೇ. ಬ್ರಿಟಿಷ್ ವಿಜ್ಞಾನಿ ರಿಚರ್ಡ್‌ಸನ್ ಗಮನಿಸಿದ ಈ ವಿಚಿತ್ರವನ್ನು ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಕರಾವಳಿಯ ಉದ್ದದ ಪ್ರಶ್ನೆಯಾಗಿ ಮುಂದಕ್ಕೆ ಒಯ್ದರು. ಒಂದು ನಕ್ಷೆ, ಒಂದು ಕೈವಾರ ಇದ್ದರೆ ಏಳನೇ ತರಗತಿಯವರು ಇದನ್ನು ಮಾಡಿ ನೋಡಬಹುದು. 1999ರಲ್ಲಿ ಮಂಗಳದ ಹತ್ತಿರ ಹೋದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದದ್ದು ಬಲದ ಅಳತೆಯನ್ನು ಒಂದು ಸಾಫ್ಟ್‌ವೇರ್ ಪೌಂಡ್‌ನಲ್ಲೂ ಇನ್ನೊಂದು ನ್ಯೂಟನ್‌ನಲ್ಲೂ ಮಾತಾಡಿದ್ದರಿಂದ. 1934ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ರಾಷ್ಟ್ರೀಯ ಆದಾಯದ ಲೆಕ್ಕವನ್ನು ಅಮೆರಿಕದ ಸಂಸತ್ತಿಗೆ ಒಪ್ಪಿಸುತ್ತಲೇ, ಇದರಿಂದ ಜನರ ಕ್ಷೇಮವನ್ನು ಅಳೆಯಲಾಗದು ಅಂತ ಎಚ್ಚರಿಸಿದ್ದರು. ಎಲ್ಲವನ್ನೂ ತುರುಕಬೇಡಿ. ಎರಡು ಆರಿಸಿ, ಆಳಕ್ಕೆ ಇಳಿಯಿರಿ.

ಕೊನೆಯಿಂದ ಶುರು ಮಾಡಿ

ಇಷ್ಟೆಲ್ಲ ಕತೆ ಸಿಕ್ಕಿದ ಮೇಲೆ ಒಂದು ಅಪಾಯ. ಮೇಷ್ಟ್ರಿಗೆ ಕತೆ ಹೇಳುವ ಹುಮ್ಮಸ್ಸು, ಮಕ್ಕಳಿಗೆ ಕೇಳುವ ಹುಮ್ಮಸ್ಸು, ಹನ್ನೆರಡು ವಾರ ಹಾಯಾಗಿ ಕಳೆದುಹೋಗುತ್ತದೆ. ಶಿಕ್ಷಣ ತಜ್ಞರಾದ ವಿಗಿನ್ಸ್ ಮತ್ತು ಮೆಕ್‌ಟೈ 1998ರಲ್ಲಿ ಬರೆದ ಪುಸ್ತಕದ ತಿರುಳು ಇಲ್ಲಿ ನೆನಪಾಗಬೇಕು. ಮೊದಲು ಮಕ್ಕಳಿಗೆ ಏನು ಅರ್ಥವಾಗಬೇಕು ಅಂತ ಬರೆಯಿರಿ. ಆಮೇಲೆ ಅದು ಅರ್ಥವಾಯಿತು ಅನ್ನಲು ಸಾಕ್ಷಿ ಏನು ಅಂತ ಬರೆಯಿರಿ. ಚಟುವಟಿಕೆಗಳು ಕೊನೆಗೆ. ನಾವು ಮಾಡುವುದು ಉಲ್ಟಾ. ಚಟುವಟಿಕೆ ಮೊದಲು, ಕೊನೆಯ ವಾರದಲ್ಲಿ 'ಅಯ್ಯೋ, ಮಾರ್ಕ್ಸ್ ಹೇಗೆ ಕೊಡೋದು?'

ಈ ಕೋರ್ಸ್‌ಗೆ ಸಾಕ್ಷಿ ಏನಾಗಬಹುದು? ತಮ್ಮ ಸುತ್ತಲಿನ ಯಾವುದಾದರೂ ಒಂದು ಅಳತೆಯನ್ನು ಆರಿಸಿ, ಅದನ್ನು ಯಾರು, ಹೇಗೆ ಅಳೆಯುತ್ತಾರೆ, ತಪ್ಪು ಎಲ್ಲಿಂದ ಬರಬಹುದು, ಅಳೆಯದೆ ಬಿಟ್ಟದ್ದೇನು ಎಂದು ಒಂದು ವರದಿ. ಹಾಜರಾತಿ, ಹವಾಮಾನ ಮುನ್ಸೂಚನೆ, ಆಟಗಾರರ ರ್‍ಯಾಂಕಿಂಗ್, ವಿಡಿಯೋ ನೋಡಿದವರ ಎಣಿಕೆ, ಯಾವುದಾದರೂ ಆಗಲಿ. ಓದುವವರು ಮೇಷ್ಟ್ರು ಮಾತ್ರ ಆಗಬಾರದು. ಆ ಅಳತೆಯನ್ನು ನಿಜವಾಗಿ ಬಳಸುವ ಒಬ್ಬರಾದರೂ ಓದಬೇಕು.

ಈಗ ಇನ್ನೊಂದು ತಲೆನೋವು ಸೇರಿಕೊಂಡಿದೆ. ಇಂಥ ವರದಿಯನ್ನು ಎಐ ಚಾಟ್‌ಬಾಟ್ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ, ಅಂದವಾಗಿಯೇ. ನೀಲಿ ಚಾರ್ಟ್ ಮಾದರಿಯ ಕೋರ್ಸ್‌ಗಳು ಇದರಿಂದ ಪೂರ್ತಿ ಮುಳುಗುತ್ತವೆ. ಅಲ್ಲಿ ಕೇಳುತ್ತಿದ್ದುದೇ ಮಾಹಿತಿ. ತಾನೇ ಅಳೆದ ಇಪ್ಪತ್ತು ಅಂಕಿಗಳು, ಹೊಡೆದುಹಾಕಿದ ಸಾಲುಗಳಿರುವ ನೋಟ್‌ಬುಕ್, ಎರಡನೇ ಕರಡಿನಲ್ಲಿ ಮನಸ್ಸು ಬದಲಾಯಿಸಿದ್ದು ಯಾಕೆ ಎಂಬ ಐದು ನಿಮಿಷದ ಮಾತು, ಇವನ್ನು ಅಷ್ಟು ಸುಲಭವಾಗಿ ಹೊರಗಿನಿಂದ ತರಿಸಲಾಗದು. ಹಾಗಾಗಿ ಅರ್ಧದಷ್ಟು ಮಾರ್ಕ್ಸ್ ಕೆಲಸ ಸಾಗಿದ ದಾರಿಗೇ ಹೋಗಲಿ.

ಹೊಗಳುವ ರೀತಿಯ ಬಗ್ಗೆಯೂ ಒಂದು ಮಾತು. 1998ರಲ್ಲಿ ಮನೋವಿಜ್ಞಾನಿಗಳಾದ ಮುಲ್ಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ 'ನೀನು ಬುದ್ಧಿವಂತ' ಅನ್ನಿಸಿಕೊಂಡವರು ಮುಂದೆ ಸುಲಭದ ಕೆಲಸದ ಕಡೆಗೆ ವಾಲಿದರು. 'ಚೆನ್ನಾಗಿ ಶ್ರಮ ಹಾಕಿದೆ' ಅನ್ನಿಸಿಕೊಂಡವರು ಕಷ್ಟದ್ದನ್ನು ಆರಿಸಿಕೊಂಡರು. ಪ್ರತಿಭಾವಂತರ ಕೋರ್ಸ್ ಅಂತ ಬೋರ್ಡ್ ಹಾಕುವುದೇ ಒಂದು ದೊಡ್ಡ 'ನೀನು ಬುದ್ಧಿವಂತ', ಅಲ್ವಾ? ಹೆಸರನ್ನು ಕೋರ್ಸ್‌ನ ಪ್ರಶ್ನೆಯ ಮೇಲೆ ಇಡುವುದು ಒಳ್ಳೆಯದು.

ಥೀಮ್ ಕೋರ್ಸ್ ಎಲ್ಲ ಕೆಲಸ ಮಾಡಲಾರದು ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಬೀಜಗಣಿತ ಮೆಟ್ಟಿಲು ಮೆಟ್ಟಿಲಾಗಿ ಕಲಿಯಬೇಕಾದದ್ದು. ಅದರಲ್ಲಿ ಎರಡು ವರ್ಷ ಮುಂದಿರುವ ಮಗುವಿಗೆ ಬೇಕಾದದ್ದು ಎರಡು ವರ್ಷ ಮುಂದಿನ ಬೀಜಗಣಿತವೇ. ಮನೋವಿಜ್ಞಾನಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಅಧ್ಯಯನ ಈ ವೇಗದ ದಾರಿಯ ಪರವಾಗಿ ದಶಕಗಳ ಪುರಾವೆ ಕೊಟ್ಟಿದೆ. ಥೀಮ್ ತೋರಿಸಿ ಅದನ್ನು ಮುಂದೂಡಬಾರದು.

ಮೇಷ್ಟ್ರುಗಳ ವಿಷಯ ಚಿಕ್ಕದು, ಆದರೆ ಹೆಚ್ಚಿನ ಕೋರ್ಸ್‌ಗಳು ಸಾಯುವುದು ಇಲ್ಲಿಯೇ. ಮೂರು ಮೇಷ್ಟ್ರಿಗೆ ವಾರಕ್ಕೆ ಒಂದು ಪಿರಿಯಡ್ ಒಟ್ಟಿಗೆ ಕೂರಲು ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ಲದಿದ್ದರೆ ಕೋರ್ಸ್ ಶುರು ಮಾಡಬೇಡಿ. ಫಿನ್ಲೆಂಡ್ 2016ರಿಂದ ಜಾರಿಗೆ ತಂದ ಪಠ್ಯಕ್ರಮದಲ್ಲಿ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ ಒಂದು ಬಹುವಿಷಯ ಘಟಕ ಕಡ್ಡಾಯ. ಒಂದೇ ಒಂದು. ಅಷ್ಟನ್ನು ಸರಿಯಾಗಿ ಮಾಡುವುದೇ ಕಷ್ಟ.

ಅಲ್ಲಿ 'ಪ್ರತಿ ಮಗುವಿಗೂ' ಅಂತಿದೆ ಅನ್ನುವುದನ್ನು ಗಮನಿಸಿ. ಹಾಗಾದರೆ ಚುರುಕು ಮಕ್ಕಳಿಗೆ ಮಾತ್ರ ಯಾಕೆ? ಪ್ರತಿಭಾವಂತ ಮಕ್ಕಳ ಶಿಕ್ಷಣ ತಜ್ಞ ಹ್ಯಾರಿ ಪ್ಯಾಸೋ 1980ರ ದಶಕದಲ್ಲಿ ಮೂರು ಪ್ರಶ್ನೆ ಕೇಳಿದ್ದರು. ಈ ಪಾಠ ಎಲ್ಲ ಮಕ್ಕಳಿಗೂ ಇಷ್ಟವಾಗುತ್ತದೆಯೇ, ಎಲ್ಲರೂ ಮಾಡಬಲ್ಲರೇ, ಎಲ್ಲರೂ ಅದರಲ್ಲಿ ಗೆಲ್ಲಬೇಕೇ? ಮೂರಕ್ಕೂ ಹೌದು ಅಂತಾದರೆ ಅದನ್ನು ಕೆಲವರಿಗೆ ಮಾತ್ರ ಇಡುವುದು ಅನ್ಯಾಯ. ಬೆಂಚು ಅಳೆಯುವುದು, ಮೆಶಾಂ ಕತೆ, ಗಡಿಯ ನಕ್ಷೆ, ಇವು ಇಡೀ ತರಗತಿಗೆ ಸೇರಿದವು ಅಂತ ನನಗನ್ನಿಸುತ್ತದೆ. ವರ್ಗಗಳ ಮೊತ್ತ, ಮೂಲ ದಾಖಲೆಗಳ ಓದು, ಸ್ವತಂತ್ರ ವರದಿ, ಇಲ್ಲಿಂದ ದಾರಿ ಕವಲೊಡೆಯಬಹುದು. ಬಾಗಿಲು ಮಾತ್ರ ತೆರೆದಿರಬೇಕು. ಯಾರು ಒಳಬರುತ್ತಾರೆ ಎಂಬುದರಲ್ಲಿ ಒಂದೆರಡು ಅಚ್ಚರಿ ಖಂಡಿತ ಇರುತ್ತದೆ.

ಕೋರ್ಸ್ ಯಾರಿಗೆ ಎಂಬ ಪ್ರಶ್ನೆಯನ್ನು ದೊಡ್ಡವರೇ ಇಟ್ಟುಕೊಳ್ಳಬೇಕಿಲ್ಲ. ಕೊನೆಯ ಎರಡು ವಾರ ಅದನ್ನು ಮಕ್ಕಳ ಕೈಗೇ ಕೊಡಿ. ಬುದ್ಧಿಯ ಅಳತೆಯೂ ಒಂದು ಅಳತೆಯೇ. 1905ರಲ್ಲಿ ಬಿನೆ ಮತ್ತು ಸಿಮೋನ್ ಫ್ರಾನ್ಸ್‌ನಲ್ಲಿ ಪರೀಕ್ಷೆ ತಯಾರಿಸಿದ್ದು ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕು ಅಂತ ತಿಳಿಯಲು. ಅಟ್ಲಾಂಟಿಕ್ ದಾಟಿದ ಮೇಲೆ ಅದರ ಉದ್ದೇಶ ತಿರುಗಿತು. 1921ರಲ್ಲಿ ಅಮೆರಿಕದ ಮನೋವಿಜ್ಞಾನಿ ಲೂಯಿಸ್ ಟರ್ಮನ್ ಅದೇ ಜಾತಿಯ ಪರೀಕ್ಷೆಯಿಂದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,500 ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ ಜೀವನವಿಡೀ ಗಮನಿಸಲು ಹೊರಟರು. ಆಗ ಪರೀಕ್ಷೆಗೆ ಕೂತು, ಆಯ್ಕೆಯಾಗದೆ ಉಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಇದ್ದರು. ಮೊದಲನೆಯವರಿಗೆ 1956ರಲ್ಲಿ, ಎರಡನೆಯವರಿಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ.

ಇದನ್ನು ಓದಿದ ಮಕ್ಕಳು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಕೇಳಿಯೇ ಕೇಳುತ್ತಾರೆ: 'ನಮ್ಮನ್ನು ಹೇಗೆ ಆರಿಸಿದಿರಿ?' ಆಗ ಅವರಿಗೆ ಕೊಡಬೇಕಾದ ಕೊನೆಯ ಕೆಲಸ ಇದು. ಮುಂದಿನ ವರ್ಷದ ಬ್ಯಾಚ್ ಆರಿಸುವ ವಿಧಾನವನ್ನು ಬರೆಯಿರಿ. ಏನನ್ನು ಅಳೆಯುತ್ತೀರಿ, ತಪ್ಪು ಎಲ್ಲಿ ನುಸುಳಬಹುದು, ಯಾರು ಬಿಟ್ಟುಹೋಗಬಹುದು, ಎಲ್ಲವೂ ಬೇಕು. ಕೆಲವರು ಪರೀಕ್ಷೆ ಇಡುತ್ತಾರೆ. ಕೆಲವರು ಮೊದಲ ಎರಡು ವಾರ ಎಲ್ಲರನ್ನೂ ಕೂರಿಸಿ ನೋಡೋಣ ಅನ್ನುತ್ತಾರೆ. ಆರಿಸುವುದೇ ಬೇಡ ಅಂತ ಬರೆಯುವ ಒಬ್ಬಳಾದರೂ ಇರುತ್ತಾಳೆ. ಆ ವರದಿಗಳನ್ನು ಶಾಲೆಯಲ್ಲಿ ಯಾರು ಓದುತ್ತಾರೆ, ಎಷ್ಟು ದಿನದೊಳಗೆ ಲಿಖಿತ ಉತ್ತರ ಕೊಡುತ್ತಾರೆ ಎಂಬುದನ್ನು ಬೆಂಚು ಅಳೆಯುವ ಮೊದಲೇ, ಕೋರ್ಸ್‌ನ ಮೊದಲ ಪುಟದಲ್ಲಿ ಬರೆದಿಡಿ.